ಬಾಡಿಗೆ ಅಗ್ರಿಮೆಂಟಿನಲ್ಲಿ ಅವಳ ಹೆಸರೂ ಇರಲಿ: ಬೆಂಗಳೂರಿನ ಮನೆ ಮಾಲೀಕರಿಗೆ ಒಂದು ಬಹಿರಂಗ ಪತ್ರ

ಬೆಂಗಳೂರಿನ ಮನೆ ಮಾಲೀಕರಿಗೆ, ಅಪಾರ್ಟ್‌ಮೆಂಟ್ ಸಂಘಗಳ ಅಧ್ಯಕ್ಷರಿಗೆ ಮತ್ತು ಕಾರ್ಯದರ್ಶಿಗಳಿಗೆ,

ನಮಸ್ಕಾರ.

ಟು-ಲೆಟ್ ಬೋರ್ಡಿನ ಕೆಳಗೆ ನಾವು ಬರೆಯುವ ಒಂದು ಸಾಲಿನ ಬಗ್ಗೆ ಈ ಪತ್ರ. ‘ಫ್ಯಾಮಿಲಿಗೆ ಮಾತ್ರ.’ ಬೋರ್ಡಿನಲ್ಲಿ ಬರೆಯದಿದ್ದರೂ ಬ್ರೋಕರ್ ಕಿವಿಗೆ ಹಾಕಿರುತ್ತೇವೆ. ಗಂಡ-ಹೆಂಡತಿ ಆದರೆ ಕಳಿಸಪ್ಪಾ, ಮದುವೆ ಆಗದೆ ಒಟ್ಟಿಗಿರೋರು ನಮಗೆ ಬೇಡ.

ನಾನೂ ಮನೆ ಓನರ್. ಬನಶಂಕರಿಯಲ್ಲಿ ಕೆಳಗಿನ ಮನೆಯಲ್ಲಿ ನಾವಿದ್ದೇವೆ, ಮೇಲಿನ ಎರಡು ಮನೆ ಬಾಡಿಗೆಗೆ ಕೊಟ್ಟಿದ್ದೇವೆ. ನಮ್ಮ ಯಜಮಾನರ ಪೆನ್ಷನ್ ಜೊತೆ ಆ ಬಾಡಿಗೆ ಸೇರಿದರೇ ತಿಂಗಳು ಸಾಗುವುದು. ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ, ರಂಗೋಲಿ ಬಿಟ್ಟು, ದೇವರಿಗೆ ದೀಪ ಹಚ್ಚಿದ ಮೇಲೇ ನನಗೆ ಕಾಫಿ. ಮಗಳನ್ನು ಧಾರೆ ಎರೆದು ಕೊಟ್ಟಿದ್ದೇನೆ, ಮಗನ ಮದುವೆಯನ್ನೂ ಶಾಸ್ತ್ರವಾಗಿ ಮಾಡಿದ್ದೇನೆ. ಮದುವೆಯೇ ಬೇಡ, ಸಂಪ್ರದಾಯವೇ ಬೇಡ ಅನ್ನುವವರು ಬರೆದ ಪತ್ರ ಇದಲ್ಲ ಅಂತ ನಿಮಗೆ ಗೊತ್ತಾಗಲಿ ಎಂದು ಇಷ್ಟು ಹೇಳಿದೆ.

ನನ್ನ ಮಾತು ಇಷ್ಟೇ. ನಾವು ಮನೆ ಇಲ್ಲ ಅಂದ ತಕ್ಷಣ ಆ ಜೋಡಿ ಬೇರೆ ಬೇರೆ ಆಗಿ ಅವರವರ ಊರಿಗೆ ಹೋಗುವುದಿಲ್ಲ. ಸುಳ್ಳು ಹೇಳಿ ಇನ್ನೊಂದು ಮನೆ ಹಿಡಿಯುತ್ತಾರೆ. ಆ ಸುಳ್ಳಿನ ಭಾರ ಬೀಳುವುದು ಹುಡುಗಿಯ ತಲೆ ಮೇಲೆ.

ಮನೆ ಹುಡುಕುವುದಕ್ಕೆಂದೇ ಕರಿಮಣಿ ಸರ ಕೊಂಡುಕೊಂಡಿದ್ದ ಹುಡುಗಿಯನ್ನು ನಾನು ಕಂಡಿದ್ದೇನೆ. ಗೇಟಿನ ಒಳಗೆ ಬರುವಾಗ ಅದು ಕೊರಳಲ್ಲಿ ಇರುತ್ತಿತ್ತು. ಆಫೀಸ್ ಕ್ಯಾಬ್ ಹತ್ತುವ ಮೊದಲು ಬಿಚ್ಚಿ ಬ್ಯಾಗಿನ ಸಣ್ಣ ಜಿಪ್ಪಿನೊಳಗೆ ಹಾಕುತ್ತಿದ್ದಳು. ಕೆಲವರು ಅಣ್ಣ-ತಂಗಿ ಅನ್ನುತ್ತಾರೆ, ಕೆಲವರು ಕಸಿನ್ ಅನ್ನುತ್ತಾರೆ. ಇನ್ನು ಕೆಲವು ಕಡೆ ಮನೆ ಹುಡುಗನ ಹೆಸರಲ್ಲಿ ಇರುತ್ತದೆ, ಹುಡುಗಿ ‘ಆಗಾಗ ಬಂದು ಹೋಗುವ’ ನೆಂಟಳು. ಆಕೆಯ ಬಟ್ಟೆ ತಂತಿಯ ಮೇಲೆ ಒಣಗುವ ಹಾಗಿಲ್ಲ, ಆಕೆಯ ಹೆಸರಿಗೆ ಪಾರ್ಸೆಲ್ ಬರುವ ಹಾಗಿಲ್ಲ.

ನಮ್ಮ ಹಿಂದಿನ ರಸ್ತೆಯಲ್ಲಿ ಇಂಥ ಒಂದು ಜೋಡಿ ಇತ್ತು. ಓನರ್ ಹತ್ತಿರ ಅಣ್ಣ-ತಂಗಿ ಅಂತ ಹೇಳಿದ್ದರು. ಹುಡುಗ ಕುಡಿದು ಬಂದು ಹೊಡೆಯುತ್ತಿದ್ದ. ಒಂದು ರಾತ್ರಿ ಆ ಹುಡುಗಿ ಚಪ್ಪಲಿಯೂ ಇಲ್ಲದೆ ಓಡಿಬಂದು ನಮ್ಮ ಗೇಟಿನ ಹತ್ತಿರ ನಿಂತಿದ್ದಳು. ತುಟಿ ಒಡೆದಿತ್ತು. ಒಳಗೆ ಕರೆದು, ನೀರು ಕೊಟ್ಟು, 112ಕ್ಕೆ ಫೋನ್ ಮಾಡೋಣ ಕಣಮ್ಮಾ ಅಂದೆ. ‘ಬೇಡ ಆಂಟಿ, ಪೊಲೀಸ್ ಬಂದ್ರೆ ಓನರ್‌ಗೆ ಗೊತ್ತಾಗತ್ತೆ, ಮನೆ ಖಾಲಿ ಮಾಡಿಸ್ತಾರೆ. ಅಡ್ವಾನ್ಸ್ ಅಷ್ಟೂ ನನ್ ದುಡ್ಡು’ ಅಂದಳು. ದುಡ್ಡು ಅವಳದು, ಅಗ್ರಿಮೆಂಟ್ ಅವನ ಹೆಸರಲ್ಲಿ. ಬೆಳಗಾಗುವ ಮೊದಲು ಗೆಳತಿಯ ಪಿ.ಜಿ.ಗೆ ಹೊರಟುಹೋದಳು. ಅಡ್ವಾನ್ಸ್ ಹಣವನ್ನು ಅವನೇ ವಾಪಸ್ ತಗೊಂಡು ಹೋದ ಅಂತ ಆಮೇಲೆ ಗೊತ್ತಾಯಿತು. ಅವಳು ಕೇಳುವುದಾದರೂ ಯಾರನ್ನು? ಕಾಗದದ ಮೇಲೆ ಅವಳು ಆ ಮನೆಯಲ್ಲಿ ಇರಲೇ ಇಲ್ಲ.

ನಮ್ಮ ದೇಶದ ಕಾನೂನು ಇಂಥ ಹೆಣ್ಣನ್ನು ಕೈಬಿಟ್ಟಿಲ್ಲ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಮದುವೆಯಾದ ಹೆಂಡತಿಯರ ಜೊತೆಗೆ ‘ಮದುವೆಯ ಸ್ವರೂಪದ ಸಂಬಂಧ’ದಲ್ಲಿ ಇರುವ ಹೆಣ್ಣಿಗೂ ಅನ್ವಯಿಸುತ್ತದೆ. ಆಕೆ ಮ್ಯಾಜಿಸ್ಟ್ರೇಟ್ ಹತ್ತಿರ ರಕ್ಷಣೆ ಕೇಳಬಹುದು, ಹಣದ ಪರಿಹಾರ ಕೇಳಬಹುದು, ಒಟ್ಟಿಗಿದ್ದ ಮನೆಯಿಂದ ತನ್ನನ್ನು ಹೊರಗೆ ಹಾಕದಂತೆ ಆದೇಶ ಕೇಳಬಹುದು. ಅದು ಬಾಡಿಗೆ ಮನೆ ಆದರೂ ಸರಿ, ಬಾಡಿಗೆ ಅವನೊಬ್ಬನ ಹೆಸರಲ್ಲಿದ್ದರೂ ಸರಿ.

ಆದರೆ ಆ ಸಂಬಂಧ ಇತ್ತು ಅಂತ ತೋರಿಸಬೇಕಲ್ಲ. 2010ರಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಕೆಲವು ಷರತ್ತು ಹೇಳಿತು. ಇಬ್ಬರಿಗೂ ಮದುವೆಯ ವಯಸ್ಸಾಗಿರಬೇಕು, ಮದುವೆಯಾಗುವುದಕ್ಕೆ ಬೇರೆ ಅಡ್ಡಿ ಇರಬಾರದು, ಸಾಕಷ್ಟು ಕಾಲ ತಮ್ಮ ಇಷ್ಟದಿಂದ ಒಟ್ಟಿಗೆ ಇದ್ದಿರಬೇಕು. ಇದರ ಜೊತೆಗೆ ಸಮಾಜದ ಎದುರು ಗಂಡ-ಹೆಂಡಿರ ಹಾಗೆ ಕಾಣಿಸಿಕೊಂಡಿರಬೇಕು. 2013ರಲ್ಲಿ ಇನ್ನೊಂದು ತೀರ್ಪು ಬಂತು. ಅದು ನಮ್ಮ ಬೆಂಗಳೂರಿನಿಂದಲೇ ಹೋದ ಕೇಸು. ಮದುವೆಯಿಲ್ಲದೆ ಒಟ್ಟಿಗಿರುವುದು ಅಪರಾಧವೂ ಅಲ್ಲ, ಪಾಪವೂ ಅಲ್ಲ ಎಂದು ಸುಪ್ರೀಂ ಕೋರ್ಟ್ ಅದರಲ್ಲಿ ಹೇಳಿತು. ಆದರೂ ಕೇಸು ಹಾಕಿದ ಹೆಣ್ಣುಮಗಳಿಗೆ ಪರಿಹಾರ ಸಿಗಲಿಲ್ಲ. ಮ್ಯಾಜಿಸ್ಟ್ರೇಟ್ ಕೋರ್ಟ್ ತಿಂಗಳಿಗೆ 18,000 ರೂಪಾಯಿ ಕೊಡಿಸಿತ್ತು, ಹೈಕೋರ್ಟ್ ಅದನ್ನು ರದ್ದು ಮಾಡಿತು, ಸುಪ್ರೀಂ ಕೋರ್ಟ್ ಹೈಕೋರ್ಟ್ ಮಾತನ್ನೇ ಎತ್ತಿಹಿಡಿಯಿತು. ಆತನಿಗೆ ಮೊದಲೇ ಮದುವೆಯಾಗಿತ್ತು, ಅದು ಆಕೆಗೆ ಗೊತ್ತಿತ್ತು ಎಂಬುದು ಕಾರಣ. ಅದೇ ತೀರ್ಪಿನಲ್ಲಿ ಕೋರ್ಟು ಏನೇನು ನೋಡಬೇಕು ಎಂಬ ಪಟ್ಟಿಯೂ ಇದೆ. ಎಷ್ಟು ಕಾಲ ಒಟ್ಟಿಗಿದ್ದರು, ಒಂದೇ ಮನೆಯಲ್ಲಿದ್ದರಾ, ಖರ್ಚು ಹಂಚಿಕೊಂಡರಾ, ನೆಂಟರು ಗೆಳೆಯರ ನಡುವೆ ಜೋಡಿಯಾಗಿ ಓಡಾಡಿದರಾ.

ಈಗ ನಾವು ಮಾಡುತ್ತಿರುವುದನ್ನು ಇದರ ಪಕ್ಕದಲ್ಲಿ ಇಟ್ಟು ನೋಡಿ. ಸಮಾಜದ ಎದುರು ಕಾಣಿಸಿಕೊಂಡಿದ್ದರೆ ರಕ್ಷಣೆ ಉಂಟು ಅಂತ ಕೋರ್ಟ್ ಹೇಳುತ್ತದೆ. ಕಾಣಿಸಿಕೊಂಡರೆ ಮನೆ ಇಲ್ಲ ಅಂತ ನಾವು ಹೇಳುತ್ತೇವೆ. ಅಗ್ರಿಮೆಂಟಿನಲ್ಲಿ ಅಣ್ಣ-ತಂಗಿ ಅಂತ ಬರೆಸಿದ್ದರೆ, ನಾಳೆ ಕೋರ್ಟಿನಲ್ಲಿ ಅವನ ವಕೀಲರು ಮೊದಲು ಎತ್ತಿ ತೋರಿಸುವುದು ಆ ಕಾಗದವನ್ನೇ ಅಲ್ವಾ?

2022ರಲ್ಲಿ ದೆಹಲಿಯ ಮೆಹ್ರೌಲಿಯಲ್ಲಿ ನಡೆದ, ಮದುವೆಯಿಲ್ಲದೆ ಒಟ್ಟಿಗಿದ್ದ ಹುಡುಗಿಯೊಬ್ಬಳ ಕೊಲೆಯ ಸುದ್ದಿ ನಿಮಗೆ ನೆನಪಿರಬಹುದು. ಜೊತೆಗಿದ್ದವನ ಮೇಲೇ ಆ ಕೊಲೆಯ ಆರೋಪ. ನೋಡಿ, ಲಿವ್-ಇನ್ ಅಂದರೆ ಇದೇ ಗತಿ ಅಂತ ನಮ್ಮ ರಸ್ತೆಯಲ್ಲೂ ಎಲ್ಲರ ಬಾಯಲ್ಲಿ ಅದೇ ಮಾತು. ನನಗೆ ಆ ಸುದ್ದಿಯಲ್ಲಿ ಕಂಡಿದ್ದು ಬೇರೆ. ಆ ಹುಡುಗಿ 2020ರಲ್ಲೇ ಮಹಾರಾಷ್ಟ್ರದಲ್ಲಿ ಅವನ ಮೇಲೆ ಪೊಲೀಸರಿಗೆ ದೂರು ಬರೆದುಕೊಟ್ಟು, ಆಮೇಲೆ ಹಿಂದಕ್ಕೆ ತಗೊಂಡಿದ್ದಳು. ಕೊಲೆ ಆಗಿದ್ದು ಮೇ ತಿಂಗಳಲ್ಲಿ ಅಂತ ಪೊಲೀಸರು ಹೇಳಿದರು, ಅದು ಬೆಳಕಿಗೆ ಬಂದಿದ್ದು ನವೆಂಬರಿನಲ್ಲಿ. ಅಷ್ಟು ತಿಂಗಳು ಆಕೆ ಎಲ್ಲಿ ಅಂತ ಹೋಗಿ ಬಾಗಿಲು ತಟ್ಟುವವರು ಇರಲಿಲ್ಲ. ತವರಿನ ಜೊತೆ ಮಾತು ನಿಂತಿತ್ತು. ಒಂಟಿಯಾದ ಹೆಣ್ಣಿಗೆ ಅಪಾಯ ಜಾಸ್ತಿ. ನಾವು ಅವಳನ್ನು ಇನ್ನೂ ಒಂಟಿ ಮಾಡಬಾರದು.

ಮದುವೆಯಾದರೆ ಹೊಡೆತ ಇರುವುದಿಲ್ಲ ಅನ್ನುವ ಹಾಗೂ ಇಲ್ಲ. 2019-20ರಲ್ಲಿ ನಮ್ಮ ರಾಜ್ಯದಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಮದುವೆಯಾದ 18ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಶೇ 44ರಷ್ಟು ಮಂದಿ ಗಂಡನಿಂದ ಹಿಂಸೆ ಆಗಿದೆ ಎಂದಿದ್ದರು. ತಾಳಿ ಇದ್ದೂ ಇಷ್ಟು.

ಇನ್ನು ಧರ್ಮದ ಮಾತು. ನಿಜವಾದ ಅಡ್ಡಿ ಇರುವುದು ಇಲ್ಲೇ ಅಂತ ನನಗೆ ಗೊತ್ತು. ದೇವರ ಮನೆ ಇರುವ ಮನೆಯಲ್ಲಿ ಇದೆಲ್ಲಾ ಹೇಗೆ ಸಾಧ್ಯ, ಮೈಲಿಗೆ ಅಲ್ವಾ ಅಂತ ನನ್ನ ಓರಗಿತ್ತಿಯೇ ಕೇಳಿದ್ದಾಳೆ. ಅವಳ ಪ್ರಶ್ನೆ ಪ್ರಾಮಾಣಿಕವಾದದ್ದು. ಅದಕ್ಕೆ ಪ್ರಾಮಾಣಿಕವಾಗಿಯೇ ಉತ್ತರ ಹೇಳಬೇಕು.

ನಮ್ಮ ಧರ್ಮದಲ್ಲಿ ಮದುವೆ ಒಂದು ಸಂಸ್ಕಾರ. ಸಪ್ತಪದಿ, ಅಗ್ನಿಸಾಕ್ಷಿ, ಇದೆಲ್ಲಕ್ಕೂ ಅರ್ಥ ಇದೆ. ಆದರೆ ಶುರುವಿನಿಂದಲೂ ಮದುವೆ ಹೀಗೇ ಇತ್ತು ಅಂತ ನಮ್ಮ ಗ್ರಂಥಗಳೇ ಹೇಳುವುದಿಲ್ಲ. ಮಹಾಭಾರತದ ಆದಿಪರ್ವದಲ್ಲಿ ಪಾಂಡು ಕುಂತಿಗೆ ಶ್ವೇತಕೇತುವಿನ ಕತೆ ಹೇಳುತ್ತಾನೆ. ಹಿಂದೆ ಈ ಕಟ್ಟುಪಾಡು ಇರಲಿಲ್ಲ, ಉದ್ದಾಲಕನ ಮಗ ಶ್ವೇತಕೇತು ಇದನ್ನು ಮಾಡಿದ ಅಂತ. ಮನುಸ್ಮೃತಿ ಎಂಟು ಬಗೆಯ ವಿವಾಹ ಹೇಳುತ್ತದೆ. ಅದರಲ್ಲಿ ಗಾಂಧರ್ವ ಒಂದು, ಗಂಡು-ಹೆಣ್ಣು ಪರಸ್ಪರ ಒಪ್ಪಿ ಸೇರುವುದು. ಇವತ್ತಿನ ಲಿವ್-ಇನ್ ಅಂದರೆ ಗಾಂಧರ್ವವೇ ಅಂತ ನಾನು ವಾದ ಮಾಡುತ್ತಿಲ್ಲ. ಅಲ್ಲಿ ಅದನ್ನೂ ವಿವಾಹ ಅಂತಲೇ ಕರೆದಿದ್ದಾರೆ, ಇಲ್ಲಿ ಇವರಿಗೆ ಸದ್ಯಕ್ಕೆ ವಿವಾಹವೇ ಬೇಡ. ಎರಡೂ ಒಂದಲ್ಲ. ಆದರೆ ಜನ ಕೂಡಿ ಬಾಳುವುದಕ್ಕೆ ಒಂದೇ ದಾರಿ ಅಂತ ಹಿರಿಯರು ಯಾವತ್ತೂ ಅಂದುಕೊಂಡಿರಲಿಲ್ಲ ಅನ್ನುವುದು ಇದರಿಂದ ಗೊತ್ತಾಗುತ್ತದೆ.

ಗ್ರಂಥದವರೆಗೆ ಹೋಗುವುದೂ ಬೇಡ. ನಮ್ಮ ಹಳೇ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಕೂಡಾವಳಿ ಇತ್ತು, ಉತ್ತರ ಕರ್ನಾಟಕದ ಕಡೆ ಉಡಿಕೆ ಇತ್ತು. ಗಂಡ ಸತ್ತವಳು, ಗಂಡನ ಬಿಟ್ಟವಳು ಇನ್ನೊಬ್ಬನ ಜೊತೆ ಬಾಳುವುದಾದರೆ ಮುಹೂರ್ತ, ಧಾರೆ, ದೊಡ್ಡ ಊಟ ಯಾವುದೂ ಇಲ್ಲ. ನಾಲ್ಕು ಜನರ ಎದುರು ಒಂದು ಸೀರೆ ಕೊಟ್ಟರೆ ಮುಗಿಯಿತು. ಅವಳನ್ನು ಶುಭಕಾರ್ಯಗಳಲ್ಲಿ ಮುಂದೆ ನಿಲ್ಲಿಸುತ್ತಿರಲಿಲ್ಲ, ಅದು ಅನ್ಯಾಯವೇ. ಆದರೆ ಊರಿನಲ್ಲಿ ಅವಳಿಗೊಂದು ಮನೆ ಇರುತ್ತಿತ್ತು. ಇಂಥವಳು ಇಂಥವನ ಜೊತೆ ಇದ್ದಾಳೆ ಅಂತ ಊರಿಗೇ ಗೊತ್ತಿರುತ್ತಿತ್ತು. ಅವನು ಕೈ ಮಾಡಿದರೆ ಅರಳಿಕಟ್ಟೆಯ ಮೇಲೆ ಕೂರಿಸಿ ಕೇಳುವವರು ಇದ್ದರು. ಜಾರ್ಖಂಡಿನ ಆದಿವಾಸಿ ಹಳ್ಳಿಗಳಲ್ಲಿ ಇವತ್ತಿಗೂ ಊರಿಗೆಲ್ಲ ಊಟ ಹಾಕಿಸಲು ದುಡ್ಡಿಲ್ಲದೆ ಮದುವೆಯಿಲ್ಲದೇ ಸಂಸಾರ ಮಾಡುವ ಜೋಡಿಗಳಿದ್ದಾರೆ. ಅವರನ್ನು ಢುಕು ಅನ್ನುತ್ತಾರೆ. ಮೊಮ್ಮಕ್ಕಳಾದ ಮೇಲೆ ಸಾಮೂಹಿಕ ವಿವಾಹದಲ್ಲಿ ಮದುವೆಯಾದವರೂ ಅವರಲ್ಲಿ ಇದ್ದಾರೆ. ಮದುವೆಯಿಲ್ಲದ ಬಾಳು ಐಟಿ ಕಂಪನಿಯ ಹುಡುಗರು ತಂದ ರೋಗ ಅನ್ನುವ ಮಾತು ಸರಿಯಲ್ಲ.

ನಮ್ಮ ಬಡಾವಣೆಯಲ್ಲಿ ಮುಸ್ಲಿಂ ಓನರ್‌ಗಳಿದ್ದಾರೆ, ಕ್ರಿಶ್ಚಿಯನ್ ಓನರ್‌ಗಳಿದ್ದಾರೆ. ಈ ವಿಷಯದಲ್ಲಿ ಎಲ್ಲರದ್ದೂ ಒಂದೇ ಮಾತು. ಇಸ್ಲಾಮಿನಲ್ಲಿ ನಿಕಾಹ್ ಇಲ್ಲದ ಸಂಬಂಧ ಪಾಪ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದೇ ಕುರ್‌ಆನ್ 24ನೇ ಅಧ್ಯಾಯದಲ್ಲಿ, ಶೀಲವಂತ ಹೆಣ್ಣಿನ ಮೇಲೆ ನಾಲ್ಕು ಸಾಕ್ಷಿ ತರದೆ ಆರೋಪ ಹೊರಿಸುವವನಿಗೇ ಶಿಕ್ಷೆ ಹೇಳಿದೆ. 49ನೇ ಅಧ್ಯಾಯದಲ್ಲಿ ಒಬ್ಬರ ಗುಟ್ಟನ್ನು ಇನ್ನೊಬ್ಬರು ಹುಡುಕಬೇಡಿ, ಬೆನ್ನ ಹಿಂದೆ ಆಡಿಕೊಳ್ಳಬೇಡಿ ಎಂದಿದೆ. ಚರ್ಚೂ ಮದುವೆಯಿಲ್ಲದ ಬಾಳನ್ನು ಒಪ್ಪುವುದಿಲ್ಲ. ಆದರೆ ಯೋಹಾನನ ಸುವಾರ್ತೆಯ 4ನೇ ಅಧ್ಯಾಯ ಓದಿ. ಬಾವಿಯ ಹತ್ತಿರ ಬಂದ ಸಮಾರ್ಯದ ಹೆಣ್ಣಿಗೆ ಐದು ಗಂಡಂದಿರಿದ್ದರು, ಈಗ ಜೊತೆಗಿರುವವನು ಅವಳ ಗಂಡನಲ್ಲ. ಏಸು ಅದನ್ನು ಮುಚ್ಚುಮರೆಯಿಲ್ಲದೆ ಅವಳಿಗೇ ಹೇಳುತ್ತಾನೆ. ಹಾಗೆ ಹೇಳುವ ಮೊದಲೇ ಅವಳ ಕೈಯಿಂದ ಕುಡಿಯಲು ನೀರು ಕೇಳಿದ್ದ. ತಪ್ಪು ಅನ್ನುವುದನ್ನು ತಪ್ಪು ಅಂದರೂ ಮನುಷ್ಯರನ್ನು ದೂರ ಇಡಲಿಲ್ಲ. ಇದು ಎಲ್ಲ ಧರ್ಮದಲ್ಲೂ ಇರುವ ಮಾತು. ಮನೆ ಕೊಡುವಾಗ ಮಾತ್ರ ನಾವು ಅದನ್ನು ಮರೆಯುತ್ತೇವೆ.

ನೀವು ಒಪ್ಪಬೇಕು ಅಂತ ನಾನು ಕೇಳುತ್ತಿಲ್ಲ. ನನ್ನ ಮಗಳೇ ಹೀಗೆ ಇರುತ್ತೇನೆ ಅಂದಿದ್ದರೆ ನಾನೂ ಬೇಡ ಮಗಳೇ, ಮದುವೆ ಆಗು ಅಂತ ಹೇಳುತ್ತಿದ್ದೆ. ಅದು ಅಮ್ಮನ ಮಾತು. ಓನರ್ ಆಗಿ ಬಾಡಿಗೆಗೆ ಬಂದವರ ಮೇಲೆ ನನಗೆ ಆ ಅಧಿಕಾರ ಇಲ್ಲ.

ಒಟ್ಟಿಗಿರುವವರೆಲ್ಲ ಜವಾಬ್ದಾರಿ ಬೇಡದವರು ಅನ್ನುವುದೂ ಸರಿಯಲ್ಲ. ಜಾತಿ ಬೇರೆ, ಧರ್ಮ ಬೇರೆ ಅಂತ ಅಪ್ಪ-ಅಮ್ಮ ಒಪ್ಪಿರುವುದಿಲ್ಲ, ಒಪ್ಪಲಿ ಅಂತ ಕಾಯುತ್ತಿರುತ್ತಾರೆ. 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ಮದುವೆಯಾಗೋಣ ಅಂದರೆ 30 ದಿನದ ನೋಟಿಸ್ ಕಚೇರಿಯಲ್ಲಿ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಾರೆ. ಅದನ್ನು ನೋಡಿ ಊರಿನವರು ಬಂದು ಗಲಾಟೆ ಮಾಡುತ್ತಾರೆ ಅನ್ನುವ ಭಯ ಇರುತ್ತದೆ. ಡೈವೋರ್ಸ್ ಕೇಸು ವರ್ಷಗಟ್ಟಲೆ ಎಳೆಯುತ್ತಿರುವವರು ಇದ್ದಾರೆ. ಅವರಿಗೆ ಕಾನೂನಿನ ರಕ್ಷಣೆಯೂ ಕಷ್ಟ ಅಂತ ಆಗಲೇ ಹೇಳಿದೆನಲ್ಲ. ವಯಸ್ಸಾದವರೂ ಇದ್ದಾರೆ. ಗಂಡನ ಕುಟುಂಬ ಪಿಂಚಣಿ ಪಡೆಯುವ ಎಷ್ಟೋ ವಿಧವೆಯರಿಗೆ ಮರುಮದುವೆಯಾದರೆ ಆ ಪಿಂಚಣಿ ನಿಲ್ಲುತ್ತದೆ. ಅರವತ್ತೈದರಲ್ಲಿ ಜೊತೆಗೊಬ್ಬರು ಬೇಕು ಅನ್ನಿಸಿದರೆ ಆ ತಾಯಿ ಏನು ಮಾಡಬೇಕು? ಮನೆ ಕೇಳಿಕೊಂಡು ಬರುವವರ ಹಿಂದೆ ಇಂಥ ಕತೆ ಇರುತ್ತದೆ. ಅದನ್ನೆಲ್ಲ ನಮ್ಮ ಮುಂದೆ ಬಿಚ್ಚಿ ಹೇಳಿ ಅಂತ ಕೇಳುವ ಹಕ್ಕು ನಮಗಿಲ್ಲ.

ಉತ್ತರಾಖಂಡದ ಹಾಗೆ ನಮ್ಮಲ್ಲೂ ಕಾನೂನು ಬರಲಿ ಅಂತ ಕೆಲವು ಸಂಘದವರು ಹೇಳುವುದನ್ನು ಕೇಳಿದ್ದೇನೆ. ಅಲ್ಲಿಯ ಏಕರೂಪ ನಾಗರಿಕ ಸಂಹಿತೆ 2025ರ ಜನವರಿಯಲ್ಲಿ ಜಾರಿಗೆ ಬಂತು. ಒಟ್ಟಿಗಿರುವವರು ನೋಂದಣಿ ಮಾಡಿಸಬೇಕು, ಒಂದು ತಿಂಗಳು ಮೀರಿದರೆ ಮೂರು ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ. 21 ವರ್ಷ ತುಂಬದವರಾದರೆ ಅಪ್ಪ-ಅಮ್ಮನಿಗೆ ತಿಳಿಸುತ್ತಾರೆ, ಪೊಲೀಸ್ ಠಾಣೆಗೂ ಮಾಹಿತಿ ಹೋಗುತ್ತದೆ. ಬಿಟ್ಟುಹೋದ ಹೆಣ್ಣಿಗೆ ಜೀವನಾಂಶ, ಹುಟ್ಟಿದ ಮಗುವಿಗೆ ಹಕ್ಕು ಕೊಟ್ಟಿದ್ದಾರೆ, ಅದು ಒಳ್ಳೆಯದು. ಆದರೆ ಮನೆಯವರಿಗೆ ಹೆದರಿ ಓಡಿಬಂದ ಹುಡುಗಿಯ ವಿಳಾಸ ಮನೆಯವರಿಗೇ ಸಿಗುವ ಹಾಗೆ ಮಾಡಿದರೆ ಅವಳ ಗತಿ ಏನು? ನಮ್ಮ ರಾಜ್ಯದಲ್ಲೂ ಮರ್ಯಾದೆ ಹೆಸರಿನ ಕೊಲೆಗಳು ನಡೆದಿವೆ. ನನಗೆ ಅಂಥ ಕಾನೂನು ಬೇಡ.

ನಮ್ಮ ಮನೆ, ನಮ್ಮ ಇಷ್ಟ ಅಂತ ನೀವು ಹೇಳಬಹುದು. ನಿಜ. ಇಂಥವರಿಗೇ ಮನೆ ಕೊಡಿ ಅಂತ ಯಾವ ಕಾನೂನೂ ನಮ್ಮನ್ನು ಕಟ್ಟಿಹಾಕಿಲ್ಲ. ಅದಕ್ಕೇ ಈ ಪತ್ರವನ್ನು ಸರ್ಕಾರಕ್ಕೆ ಬರೆಯದೆ ನಿಮಗೆ ಬರೆಯುತ್ತಿದ್ದೇನೆ. ಪೊಲೀಸ್ ತೊಂದರೆ ಬಂದರೆ ಅನ್ನುವ ಭಯಕ್ಕೆ ಮಾತ್ರ ಆಧಾರ ಇಲ್ಲ. ವಯಸ್ಕರಾದ ಇಬ್ಬರು ಮದುವೆಯಿಲ್ಲದೆ ಒಟ್ಟಿಗಿರಬಹುದು ಅಂತ ಸುಪ್ರೀಂ ಕೋರ್ಟ್ 2006ರಿಂದ ಮತ್ತೆ ಮತ್ತೆ ಹೇಳಿದೆ. ಗುರುತಿನ ಚೀಟಿ ತಗೊಳ್ಳಿ, ಇಬ್ಬರಿಗೂ 18 ತುಂಬಿದೆಯಾ ನೋಡಿ, ಬೇರೆ ಬಾಡಿಗೆದಾರರಿಗೆ ಮಾಡಿಸುವ ಹಾಗೆಯೇ ಪೊಲೀಸ್ ವೆರಿಫಿಕೇಶನ್ ಮಾಡಿಸಿ. ಗಲಾಟೆ ಮಾಡಿದರೆ, ಬಾಡಿಗೆ ಕೊಡದಿದ್ದರೆ ಖಾಲಿ ಮಾಡಿಸಿ. ಮದುವೆಯಾದವರಿಗೂ ಅದೇ ತಾನೇ ನಿಯಮ?

ನಮ್ಮ ಮೇಲಿನ ಮನೆಗೆ ಈಗ ಇರುವ ಜೋಡಿ ಬಂದಾಗ ಏನು ಮಾಡಿದೆವು ಅಂತ ಹೇಳುತ್ತೇನೆ, ನಿಮಗೂ ಉಪಯೋಗಕ್ಕೆ ಬರಬಹುದು. ಅಗ್ರಿಮೆಂಟ್ ಟೈಪ್ ಮಾಡುವ ಹುಡುಗ, ‘ರಿಲೇಶನ್ ಏನ್ ಹಾಕ್ಲಿ ಆಂಟಿ, ವೈಫ್ ಅಂತ ಹಾಕ್ಲಾ?’ ಅಂತ ಕೇಳಿದ. ಏನೂ ಹಾಕಬೇಡಪ್ಪಾ ಅಂದೆ. ಬಾಡಿಗೆದಾರರು 1, ಬಾಡಿಗೆದಾರರು 2 ಅಂತ ಹಾಕಿ ಇಬ್ಬರ ಹೆಸರು, ಇಬ್ಬರ ಖಾಯಂ ವಿಳಾಸ ಬರೆಸಿದೆವು. ಅಡ್ವಾನ್ಸ್ ಯಾರ ಖಾತೆಯಿಂದ ಎಷ್ಟು ಬಂತು ಅಂತ ಒಂದು ಸಾಲು ಹಾಕಿಸಿದೆವು. ಮನೆ ಬಿಡುವಾಗ ಅದೇ ಲೆಕ್ಕದಲ್ಲಿ ಅವರವರ ಖಾತೆಗೆ ವಾಪಸ್. ಇಬ್ಬರೂ ಎಲ್ಲ ಪುಟಕ್ಕೂ ಸಹಿ ಮಾಡಿದರು. ಹುಡುಗಿ ಒಂದು ಪ್ರತಿ ತನ್ನ ಹತ್ತಿರ ಇಟ್ಟುಕೊಂಡಳು. ಇಷ್ಟಕ್ಕೆ ನಮಗೆ ಒಂದು ರೂಪಾಯಿ ಜಾಸ್ತಿ ಖರ್ಚಾಗಲಿಲ್ಲ. ವರಮಹಾಲಕ್ಷ್ಮಿ ಹಬ್ಬದ ದಿನ ರಸ್ತೆಯ ಹೆಣ್ಣುಮಕ್ಕಳನ್ನೆಲ್ಲ ಅರಿಶಿನ-ಕುಂಕುಮಕ್ಕೆ ಕರೆಯುವಾಗ ಅವಳನ್ನೂ ಕರೆಯುತ್ತೇನೆ. ಮದುವೆಯಾಗದ ಹೆಣ್ಣುಮಕ್ಕಳಿಗೂ ಕುಂಕುಮ ಕೊಡುವ ಪದ್ಧತಿ ನಮ್ಮಲ್ಲಿ ಮೊದಲಿಂದಲೂ ಇದೆ. ಹೀಗೆ ಬಂದು ಹೋಗುವುದರಿಂದ ರಸ್ತೆಯಲ್ಲಿ ಅವಳ ಹೆಸರು ನಾಲ್ಕು ಜನಕ್ಕೆ ಗೊತ್ತು. ಎರಡು ದಿನ ಕಾಣದಿದ್ದರೆ ಎಲ್ಲಿ ಹೋದಳು ಅಂತ ಕೇಳುವವರಿದ್ದಾರೆ.

ಆದ್ದರಿಂದ ಓನರ್‌ಗಳಲ್ಲಿ ನನ್ನ ವಿನಂತಿ, ಮುಂದಿನ ಸಲ ಬ್ರೋಕರ್ ಫೋನ್ ಮಾಡಿದಾಗ ಮದುವೆಯ ಪ್ರಶ್ನೆ ಬಿಡಿ. ಮದುವೆ ಫೋಟೊ ಕೇಳಬೇಡಿ, ಅಪ್ಪ-ಅಮ್ಮನಿಗೆ ಫೋನ್ ಮಾಡಬೇಡಿ, ಇಬ್ಬರ ಹೆಸರೂ ಬರೆಸಿ. ಮೇಲಿನಿಂದ ಅಳು ಕೇಳಿಸಿದರೆ ಹೋಗಿ ಬಾಗಿಲು ತಟ್ಟಿ. ಮದುವೆಯಾದವರ ಮನೆಯಾದರೂ ತಟ್ಟಿ.

ಅಪಾರ್ಟ್‌ಮೆಂಟ್ ಸಂಘದವರೇ, ನಿಮ್ಮಲ್ಲಿ ಇನ್ನೊಂದು ಕೋರಿಕೆ. ಲಿಫ್ಟು, ನೀರು, ಪಾರ್ಕಿಂಗು, ಭದ್ರತೆ ನೋಡಿಕೊಳ್ಳುವುದು ಸಂಘದ ಕೆಲಸ. ಫ್ಲಾಟಿನ ಒಳಗೆ ಇರುವವರಿಗೆ ಮದುವೆ ಆಗಿದೆಯಾ ಅಂತ ಕೇಳುವ ಫಾರಂ ನಿಮ್ಮಲ್ಲಿದ್ದರೆ, ಸೆಕ್ಯೂರಿಟಿಯವರು ಗೇಟಿನಲ್ಲಿ ಅದನ್ನು ಕೇಳುತ್ತಿದ್ದರೆ, ಮುಂದಿನ ವಾರ್ಷಿಕ ಸಭೆಯಲ್ಲಿ ಅದನ್ನು ತೆಗೆಸುವ ವಿಷಯ ಇಡಿ. ಆ ನೋಟಿಸ್ ಇದ್ದ ಜಾಗದಲ್ಲಿ ಪೊಲೀಸರ 112 ಮತ್ತು ಮಹಿಳಾ ಸಹಾಯವಾಣಿ 181, ಈ ಎರಡು ನಂಬರ್ ದೊಡ್ಡದಾಗಿ ಬರೆದು ಅಂಟಿಸಿ. ಸಭೆಯಲ್ಲಿ ವಿರೋಧ ಬಂದರೆ ಈ ಪತ್ರವನ್ನು ಓದಿ ಹೇಳಿ. ಅಗ್ರಿಮೆಂಟಿನ ನಮೂನೆ ಬೇಕು ಅಂದವರಿಗೆ ನಮ್ಮದರ ಪ್ರತಿ ಕೊಡುತ್ತೇನೆ.

ಇಂತಿ,
ಬನಶಂಕರಿಯ ಒಬ್ಬ ಮನೆ ಓನರ್